ಬೆಳ್ಳಿ ಹೂತಿಟ್ಟು ಕಳ್ಕೊಂಡ ಟ್ಯೂರಿಂಗ್

ನಮ್ಮಮ್ಮ ಹೈಸ್ಕೂಲ್ ಟೀಚರ್. ಅವಳ ಲ್ಯಾಪ್‌ಟಾಪ್ ಪಾಸ್‌ವರ್ಡ್ ನನ್ನ ಹೆಸರು, ಅದರ ಮುಂದೆ 123. ಅದೂ ಮರೆತುಹೋಗುತ್ತೆ ಅಂತ ಚೀಟಿಯಲ್ಲಿ ಬರೆದು ಸ್ಕ್ರೀನ್ ಕೆಳಗೇ ಅಂಟಿಸಿದ್ದಾಳೆ. ಹೋದ ರಜೆಯಲ್ಲಿ ಅದನ್ನ ನೋಡಿ ರೇಗಿಬಿಟ್ಟೆ. ಅಮ್ಮ ಏನೂ ಮಾತಾಡಲಿಲ್ಲ. ಹಾಸ್ಟೆಲ್‌ಗೆ ಬಂದ ಮೇಲೆ ಅಲನ್ ಟ್ಯೂರಿಂಗ್ ಬಗ್ಗೆ ಓದ್ತಾ ಇದ್ದೆ. ರೇಗಬಾರದಿತ್ತು ಅನ್ನಿಸ್ತು. ಯಾಕೆ ಅಂತ ಹೇಳ್ತೀನಿ.

ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್‌ನಲ್ಲಿ. ತಂದೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಐಸಿಎಸ್ ಅಧಿಕಾರಿ. ತಾಯಿಯ ತಂದೆ ಮದ್ರಾಸ್ ರೈಲ್ವೆಯಲ್ಲಿ ಚೀಫ್ ಎಂಜಿನಿಯರ್. ಅಪ್ಪ ಅಮ್ಮ ಇಂಡಿಯಾದಲ್ಲಿದ್ದಾಗ ಮಗ ಇಂಗ್ಲೆಂಡ್‌ನಲ್ಲಿ ಬೇರೆಯವರ ಮನೆಯಲ್ಲಿ ಬೆಳೆದರು. 1926ರಲ್ಲಿ ಶೆರ್ಬೋರ್ನ್ ಶಾಲೆ ಸೇರೋ ಹೊತ್ತಿಗೆ ದೇಶದಲ್ಲೆಲ್ಲ ಮುಷ್ಕರ, ರೈಲು ಇಲ್ಲ. 13 ವರ್ಷದ ಹುಡುಗ ಸುಮಾರು 60 ಮೈಲಿ ಸೈಕಲ್ ತುಳಿದು ಶಾಲೆ ತಲುಪಿದರು!

ನಮ್ಮ ಸಿಲಬಸ್‌ನಲ್ಲಿ ನಿದ್ದೆ ಬರಿಸೋ ಟ್ಯೂರಿಂಗ್ ಮೆಷಿನ್ 1936ರದ್ದು. ಕೇಂಬ್ರಿಜ್‌ನಲ್ಲಿದ್ದ ಅವರಿಗೆ ಆಗ ಬರೀ 24 ವರ್ಷದ ಆಸುಪಾಸು. ಕಂಪ್ಯೂಟರ್ ಅನ್ನೋ ಯಂತ್ರವೇ ಇಲ್ಲದ ಕಾಲದಲ್ಲಿ ಅದು ಏನು ಮಾಡಬಲ್ಲದು, ಏನು ಮಾಡಲಾರದು ಅಂತ ಕಾಗದದ ಮೇಲೆ ತೋರಿಸಿದ್ದರು.

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಘೋಷಿಸಿತು. ಮರುದಿನವೇ ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್‌ನಲ್ಲಿ ಕೆಲಸಕ್ಕೆ ಹಾಜರ್. ಜರ್ಮನ್ನರ ಎನಿಗ್ಮಾ ಯಂತ್ರದ ಗುಟ್ಟು ಒಡೆಯೋದು ಅಲ್ಲಿನ ಕೆಲಸ. ಅದರ ಸೆಟ್ಟಿಂಗ್‌ಗಳ ಸಂಖ್ಯೆ ಬರೀಬೇಕಂದ್ರೆ 159ರ ಮುಂದೆ ಸುಮಾರು 18 ಸೊನ್ನೆ ಹಾಕಬೇಕು. ಪೋಲೆಂಡಿನ ಗಣಿತಜ್ಞರು ಮೊದಲೇ ದಾರಿ ಮಾಡಿದ್ದರು. ಆದರೆ ಜರ್ಮನ್ನರು ಪದ್ಧತಿ ಬದಲಿಸ್ತಾನೇ ಇದ್ದರು. ಟ್ಯೂರಿಂಗ್ ಬಾಂಬ್ ಅನ್ನೋ ಯಂತ್ರ ವಿನ್ಯಾಸ ಮಾಡಿದರು, ಗೆಳೆಯ ಗಾರ್ಡನ್ ವೆಲ್ಷ್‌ಮನ್ ಅದನ್ನ ಇನ್ನೂ ಚುರುಕು ಮಾಡಿದರು. ಮೊದಲನೇದು 1940ರ ಮಾರ್ಚ್‌ನಲ್ಲಿ ಬಂತು.

ಆದ್ರೆ ಯಂತ್ರ ಒಂದೇ ಸಾಕಾಗಿರಲಿಲ್ಲ. ಸಂದೇಶದಲ್ಲಿ ಇರಬಹುದಾದ ಒಂದು ಪದವನ್ನಾದರೂ ಮೊದಲೇ ಊಹಿಸಬೇಕಿತ್ತು. ಅದಕ್ಕೆ ಜರ್ಮನ್ ಆಪರೇಟರುಗಳೇ ಸಹಾಯ ಮಾಡಿದರು! ಹವಾಮಾನ ವರದಿಯನ್ನ ದಿನಾ ಒಂದೇ ಧಾಟಿಯಲ್ಲಿ ಕಳಿಸೋರು. ಮನಸ್ಸಿಗೆ ಬಂದ ಮೂರು ಅಕ್ಷರ ಆರಿಸಿ ಅಂದ್ರೆ ಕೀಬೋರ್ಡ್‌ನಲ್ಲಿ ಪಕ್ಕಪಕ್ಕ ಇರೋದನ್ನೋ, ಗೆಳತಿಯ ಹೆಸರಿನದ್ದನ್ನೋ ಒತ್ತೋರು. ಅಷ್ಟು ಸೊನ್ನೆಗಳ ಭದ್ರತೆ ಈ ಸೋಮಾರಿತನದಿಂದ ಸೋರಿಹೋಯ್ತು. ಮಗನ ಹೆಸರು, ಮುಂದೆ 123. ಅದೇ ಕಥೆ ಅಲ್ವಾ?

ಹಾಗಾದ್ರೆ ಟ್ಯೂರಿಂಗ್ ಇಂಥ ತಪ್ಪು ಮಾಡದ ಮನುಷ್ಯನಾ? ಇಲ್ಲಿದೆ ಮಜಾ. ಜರ್ಮನ್ನರು ಬಂದುಬಿಟ್ರೆ ಬ್ಯಾಂಕಲ್ಲಿರೋ ದುಡ್ಡು ಹೋಗುತ್ತೆ ಅಂತ ಹೆದರಿ, ಬೆಳ್ಳಿ ಗಟ್ಟಿ ಕೊಂಡು ಬ್ಲೆಚ್ಲಿ ಹತ್ತಿರ ಹೂತಿಟ್ಟರು. ಜಾಗದ ಗುರುತನ್ನ ಗುಪ್ತಲಿಪಿಯಲ್ಲಿ ಬರೆದಿಟ್ಟುಕೊಂಡರು. ಯುದ್ಧ ಮುಗಿದ ಮೇಲೆ ಲೋಹ ಪತ್ತೆ ಯಂತ್ರ ಹಿಡಿದು ಹುಡುಕಿದರೂ ಬೆಳ್ಳಿ ಸಿಗಲೇ ಇಲ್ಲ. ಎನಿಗ್ಮಾ ಒಡೆದವರಿಗೇ ತಾವು ಬಚ್ಚಿಟ್ಟಿದ್ದು ಸಿಗಲಿಲ್ಲ.

ಆಮೇಲಿನ ಕಥೆ ನಗೋ ಹಾಗಿಲ್ಲ. 1952ರಲ್ಲಿ ಮನೆಯಲ್ಲಿ ಕಳ್ಳತನ ಆಯ್ತು ಅಂತ ಅವರೇ ಪೊಲೀಸರ ಹತ್ತಿರ ಹೋದರು. ವಿಚಾರಣೆಯಲ್ಲಿ ಇನ್ನೊಬ್ಬ ಗಂಡಸಿನ ಜೊತೆ ಸಂಬಂಧ ಇರೋದು ಹೊರಗೆ ಬಂತು. ಆಗ ಅದು ಅಪರಾಧ. ಜೈಲಿನ ಬದಲು ಹಾರ್ಮೋನ್ ಚಿಕಿತ್ಸೆ ಒಪ್ಪಿಕೊಳ್ಳಬೇಕಾಯ್ತು. 1954ರ ಜೂನ್ 7ರಂದು, 42 ತುಂಬೋ ಮೊದಲೇ, ಸಯನೈಡ್‌ನಿಂದ ತೀರಿಕೊಂಡರು. ಯುದ್ಧದಲ್ಲಿ ಅವರು ಮಾಡಿದ ಕೆಲಸ ಗುಟ್ಟಾಗಿತ್ತು, ಜನಕ್ಕೆ ಗೊತ್ತೇ ಇರಲಿಲ್ಲ. ರಾಣಿಯ ಕ್ಷಮಾದಾನ ಬಂದಿದ್ದು 2013ರಲ್ಲಿ. ದೇಶದ ಗುಟ್ಟು ಕಾಪಾಡಿದವರ ಸ್ವಂತ ಬದುಕಿನ ಗುಟ್ಟನ್ನ ದೇಶ ಕಾಪಾಡಲಿಲ್ಲ.

ಮರೆಯೋದು, ಸುಲಭದ ದಾರಿ ಹುಡುಕೋದು ದಡ್ಡತನ ಅಲ್ಲ, ಮನುಷ್ಯರ ಸ್ವಭಾವ. ಸಲಹೆ ಕೊಡೋರು ಅದನ್ನ ಒಪ್ಪಿಕೊಂಡೇ ಕೊಡಬೇಕು. ಭಾನುವಾರ ಅಮ್ಮನಿಗೆ ಫೋನ್ ಮಾಡಿ ಮೊದಲು ಸಾರಿ ಕೇಳಿದೆ. ಆಮೇಲೆ ಮೂರೇ ಮಾತು ಹೇಳಿದೆ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಪದ ಸೇರಿಸಿ ಪಾಸ್‌ವರ್ಡ್ ಮಾಡು. ಚೀಟಿ ಬೇಕಿದ್ರೆ ಇರಲಿ, ಆದ್ರೆ ಲ್ಯಾಪ್‌ಟಾಪ್ ಮೇಲೆ ಬೇಡ, ಮನೆ ಬೀರುವಿನಲ್ಲಿಡು. ಮಕ್ಕಳ ಮಾರ್ಕ್ಸ್ ಫೈಲ್‌ನ ಇನ್ನೊಂದು ಕಾಪಿ ಪೆನ್‌ಡ್ರೈವ್‌ನಲ್ಲಿ ಹಾಕಿ ಅದನ್ನೂ ಅಲ್ಲೇ ಇಡು.

ನಿಮ್ಮ ಮನೆಯಲ್ಲೂ ಟೀಚರ್ ಇದ್ರೆ ಇವತ್ತೇ ಫೋನ್ ಮಾಡಿ. ರೇಗಬೇಡಿ ಅಷ್ಟೇ.