ಯಾರ ಮಗ ಎಂದು ಕೇಳುವ ಊರಲ್ಲಿ ತೇಜಸ್ವಿ

ನಮ್ಮ ಮೂಡಿಗೆರೆ ಕಡೆ ಹೊಸಬರು ಸಿಕ್ಕಿದ್ರೆ ಮೊದಲ ಪ್ರಶ್ನೆ: ಯಾರ ಮಗ, ತೋಟ ಎಷ್ಟೆಕರೆ? ಕೂರೋಕೆ ಕುರ್ಚಿಯೋ ಜಗಲಿಯೋ ಅನ್ನೋದು ಆಮೇಲೆ ತೀರ್ಮಾನ. ಸಮಾಜಶಾಸ್ತ್ರ ಇದನ್ನು ಹುಟ್ಟಿನಿಂದ ಬಂದ ಸ್ಥಾನಮಾನ ಅನ್ನುತ್ತೆ. ದುಡಿದು ಗಳಿಸಿದ್ದು ಬೇರೆ. (ಅಪ್ಪನ ಎಕರೆಗಳನ್ನೇ ಗಳಿಕೆ ಅನ್ನೋರೂ ಇದ್ದಾರೆ.)

ಪೂರ್ಣಚಂದ್ರ ತೇಜಸ್ವಿಗೆ ಮೊದಲನೆಯದು ಬೇಕಾದಷ್ಟಿತ್ತು. 1938ರಲ್ಲಿ ಕುವೆಂಪು ಮಗನಾಗಿ ಹುಟ್ಟಿದರು, ಮೈಸೂರಲ್ಲಿ ಓದಿದರು. ಮೇಷ್ಟರ ಕೆಲಸ ಕಷ್ಟವೇನಿರಲಿಲ್ಲ. ಅದು ಬೇಡವೆಂದು 1960ರ ದಶಕದಲ್ಲಿ ಮೂಡಿಗೆರೆಗೆ ಬಂದು ಕಾಫಿ ಬೆಳೆದರು. 1966ರಲ್ಲಿ ರಾಜೇಶ್ವರಿಯವರನ್ನು ಮದುವೆಯಾದದ್ದು ಪುರೋಹಿತರಿಲ್ಲದ, ಆಡಂಬರವಿಲ್ಲದ ಮಂತ್ರ ಮಾಂಗಲ್ಯದಲ್ಲಿ. 2007ರ ಏಪ್ರಿಲ್ 5ರಂದು ಇಲ್ಲಿನ ‘ನಿರುತ್ತರ’ದಲ್ಲೇ ತೀರಿಕೊಂಡರು.

ನನ್ನನ್ನು ಕಾಡೋದು 1980ರ ‘ಕರ್ವಾಲೊ’. ಅದರಲ್ಲಿ ಜೇನಿನ ಹಿಂದೆ ಅಲೆಯುವ ಮಂದಣ್ಣ ಊರಿನ ಕಣ್ಣಿಗೆ ಕೆಲಸಕ್ಕೆ ಬಾರದವನು; ವಿಜ್ಞಾನಿ ಕರ್ವಾಲೊ ಕಣ್ಣಿಗೆ ಹುಟ್ಟು ಪ್ರಕೃತಿತಜ್ಞ. ಮನುಷ್ಯ ಒಬ್ಬನೇ, ಹಣೆಪಟ್ಟಿ ಎರಡು. ಆದರೆ ಎರಡನೆಯದನ್ನು ಅಂಟಿಸೋಕೂ ಓದಿದ ದೊಡ್ಡವರೊಬ್ಬರು ಬರಬೇಕಾಯ್ತು. ಅಪ್ಪನ ಹೆಸರಿನ ನೆರಳಿಂದ ಆಚೆ ಹೋಗೋ ಆಯ್ಕೆ ತೇಜಸ್ವಿಯವರಿಗಿತ್ತು. ನಮ್ಮ ತೋಟಗಳ ಲೈನ್ ಮನೆ ಹುಡುಗನಿಗೆ ಬಿಟ್ಟುಬರೋಕೆ ಅಂಥ ಹೆಸರೂ ಇಲ್ಲ, ಅವನನ್ನು ನೋಡೋ ಕರ್ವಾಲೊನೂ ಸುಲಭಕ್ಕೆ ಸಿಗಲ್ಲ.