ಬೇಸ್‌ಮೆಂಟ್ ಮನೆಗಳ ಕೆಳಗೊಬ್ಬ ಇಂಜಿನಿಯರ್

ಲಂಡನ್ನಿನ ಹಳೇ ಬೀದಿಗಳ ಫೋಟೋ ನೀವೆಲ್ಲ ನೋಡೇ ಇರ್ತೀರಿ. ಒಂದಕ್ಕೊಂದು ಅಂಟಿಕೊಂಡು ನಿಂತ ಇಟ್ಟಿಗೆ ಮನೆಗಳು, ಮುಂದೆ ಕಪ್ಪು ಕಬ್ಬಿಣದ ಕಂಬಿಸಾಲು. ಆ ಕಂಬಿಗಳ ಹತ್ತಿರ ನಿಂತು ಬಗ್ಗಿ ನೋಡಿದರೆ ಕೆಳಗೆ ಒಂದು ಪುಟ್ಟ ಅಂಗಳ, ಒಂದು ಬಾಗಿಲು, ಒಂದು ಕಿಟಕಿ. ಕಿಟಕಿಯೊಳಗೆ ಯಾರದೋ ಅಡುಗೆಮನೆ. ರಸ್ತೆಗಿಂತ ಕೆಳಗೆ ಒಂದು ಇಡೀ ಸಂಸಾರ! ಒಂದು ಕಾಲದಲ್ಲಿ ಅಲ್ಲಿ ಮನೆಗೆಲಸದವರು ದುಡೀತಿದ್ದರು, ಪಕ್ಕದಲ್ಲೇ ಕಲ್ಲಿದ್ದಲು ತುಂಬಿಡುತ್ತಿದ್ದರು. ಈಗ ಅದೇ ಜಾಗಕ್ಕೆ ಮರದ ನೆಲ ಹಾಸಿ, ದೀಪ ಹಾಕಿಸಿ, ಒಳ್ಳೇ ಬಾಡಿಗೆಗೆ ಕೊಡ್ತಾರೆ.

ನೆಲದ ಕೆಳಗಿನ ಕೋಣೆಯನ್ನ ಮನುಷ್ಯರು ಬದುಕೋ ಮನೆಯಾಗಿ ಮಾಡೋದು ಬರೀ ಟೈಲ್ಸ್, ಪೇಂಟಿನ ಕೆಲಸ ಅಲ್ಲ. ಮೊದಲು ಆ ಕೋಣೆಯಿಂದ ನೀರು ಹೊರಗೆ ಹೋಗಬೇಕು, ಹೋದ ನೀರು ವಾಪಸ್ ಬರಬಾರದು. ಲಂಡನ್ನಿಗೆ ಇದನ್ನ ಮಾಡಿಕೊಟ್ಟ ಇಂಜಿನಿಯರ್ ಹೆಸರು ಜೋಸೆಫ್ ಬ್ಯಾಜಲ್‌ಜೆಟ್. ನಮ್ಮ ಸಿವಿಲ್ ಗೆಳೆಯರು ಮೊಟ್ಟೆಯಾಕಾರದ ಸೀವರಿನ ಚಿತ್ರ ಬರೆದು ಮಾರ್ಕ್ಸ್ ತಗೊಂಡಿರ್ತಾರೆ. ಆ ಚಿತ್ರದ ಹಿಂದಿರೋ ಮನುಷ್ಯನ ಕಥೆ ಇದು.

ಬ್ಯಾಜಲ್‌ಜೆಟ್ ಹುಟ್ಟಿದ್ದು 1819ರ ಮಾರ್ಚ್ 28ರಂದು, ಲಂಡನ್ ಹತ್ತಿರದ ಎನ್‌ಫೀಲ್ಡ್‌ನಲ್ಲಿ. ತಾತ ಫ್ರಾನ್ಸಿನಿಂದ ಬಂದು ನೆಲೆಸಿದವರು, ರಾಜಕುಮಾರನಿಗೆ ಬಟ್ಟೆ ಹೊಲಿದುಕೊಡುತ್ತಿದ್ದ ದರ್ಜಿ. ಅಪ್ಪ ನೌಕಾಪಡೆಯ ಅಧಿಕಾರಿ. ಹುಡುಗ ಹದಿಹರೆಯದಲ್ಲೇ ಜಾನ್ ಮ್ಯಾಕ್‌ನೀಲ್ ಅನ್ನೋ ಇಂಜಿನಿಯರ್ ಹತ್ತಿರ ಕೆಲಸ ಕಲಿಯೋಕೆ ಸೇರಿದ. ಐರ್ಲೆಂಡಿನ ಉತ್ತರ ಭಾಗದಲ್ಲಿ ಜೌಗು ನೆಲದ ನೀರು ಬಸಿದು ಒಣಗಿಸೋ ಕೆಲಸ. ನೀರು ಯಾವ ಕಡೆ ಹರಿಯುತ್ತೆ, ಎಷ್ಟು ಇಳಿಜಾರು ಕೊಟ್ಟರೆ ಎಷ್ಟು ವೇಗ ಬರುತ್ತೆ ಅನ್ನೋದನ್ನ ಅವನು ಕಲಿತದ್ದು ಅಲ್ಲಿ, ಕೆಸರಿನಲ್ಲಿ ನಿಂತುಕೊಂಡೇ.

1842ರಲ್ಲಿ ಲಂಡನ್ನಿನಲ್ಲಿ ಸ್ವಂತ ಆಫೀಸು ತೆರೆದರು. ಅದು ರೈಲಿನ ಹುಚ್ಚು ಹಿಡಿದಿದ್ದ ಕಾಲ. ದಿನಕ್ಕೊಂದು ಹೊಸ ರೈಲು ಕಂಪನಿ, ಎಲ್ಲರಿಗೂ ಸರ್ವೆ ಬೇಕು, ನಕ್ಷೆ ಬೇಕು, ನಾಳೆಯೇ ಬೇಕು. ಬ್ಯಾಜಲ್‌ಜೆಟ್ ಹಗಲೂ ರಾತ್ರಿ ದುಡಿದರು. 1847ರ ಹೊತ್ತಿಗೆ ದೇಹ, ಮನಸ್ಸು ಎರಡೂ ಕುಸಿದವು. ಇನ್ನೂ ಮೂವತ್ತು ತುಂಬಿರಲಿಲ್ಲ. ಎಲ್ಲ ಬಿಟ್ಟು ಹಳ್ಳಿಯಲ್ಲಿ ಹೋಗಿ ಚೇತರಿಸಿಕೊಳ್ಳಬೇಕಾಯಿತು. ಬ್ಯಾಕ್‌ಲಾಗ್, ಪ್ಲೇಸ್‌ಮೆಂಟ್ ಅಂತ ನಿದ್ದೆಗೆಡೋ ನಮ್ಮಂಥವರು ಈ ಸಾಲನ್ನ ಇನ್ನೊಂದು ಸಲ ಓದಬಹುದು. ಕುಸಿದು ಎದ್ದವರಿಗೂ ದೊಡ್ಡ ಕೆಲಸ ಕಾದಿರುತ್ತೆ.

ಅವರು ಚೇತರಿಸಿಕೊಂಡು ಬಂದದ್ದು ಎಂಥ ಊರಿಗೆ ಅಂತ ನೋಡಿ. ಆಗ ಲಂಡನ್ನಿನಲ್ಲಿ ಸುಮಾರು 2 ಲಕ್ಷ ಮಲಗುಂಡಿಗಳಿದ್ದವು. ಎಷ್ಟೋ ಮನೆಗಳಲ್ಲಿ ಗುಂಡಿ ಇದ್ದದ್ದೇ ನೆಲಮಾಳಿಗೆಯ ಕೆಳಗೆ. ಗುಂಡಿ ತುಂಬಿದರೆ ರಾತ್ರಿ ಹೊತ್ತು ಜನ ಬಂದು ಬಾಚಿ, ಹೊಲಗಳಿಗೆ ಗೊಬ್ಬರವಾಗಿ ಸಾಗಿಸುತ್ತಿದ್ದರು. ಇದು ಹೊಸ ತಾಪತ್ರಯವೂ ಅಲ್ಲ. 1660ರಲ್ಲೇ ಸ್ಯಾಮ್ಯುಯೆಲ್ ಪೀಪ್ಸ್ ಅನ್ನೋ ಅಧಿಕಾರಿ, ಪಕ್ಕದ ಮನೆಯ ಗುಂಡಿ ತುಂಬಿ ತನ್ನ ನೆಲಮಾಳಿಗೆಗೆ ಹರಿದು ಬಂದದ್ದನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಆದರೆ 1800ರ ನಂತರ ನೀರು ಸುರಿಯೋ ಕಕ್ಕಸು ಮನೆಮನೆಗೆ ಬಂತು. ಹಳೇ ಗುಂಡಿಗೆ ಅಷ್ಟು ನೀರು ತಡೆಯೋ ತಾಕತ್ತು ಎಲ್ಲಿಂದ ಬರಬೇಕು? ಗುಂಡಿಗಳು ಉಕ್ಕಿದವು, ನೆಲಮಾಳಿಗೆಗಳ ಗೋಡೆ ಜಿನುಗತೊಡಗಿತು.

1848ರಲ್ಲಿ ಒಂದು ಆಯೋಗ ಬಂತು. ಗುಂಡಿ ಮುಚ್ಚಿ, ಮನೆ ಪೈಪನ್ನ ಬೀದಿ ಚರಂಡಿಗೆ ಸೇರಿಸಿ ಅಂತ ಆಜ್ಞೆ ಹೊರಡಿಸಿತು. ಆ ಚರಂಡಿಗಳು ಮಳೆನೀರಿಗೆ ಅಂತ ಕಟ್ಟಿದ್ದವು, ಎಲ್ಲವೂ ನೇರವಾಗಿ ಥೇಮ್ಸ್ ನದಿಗೆ ಬೀಳುತ್ತಿದ್ದವು. ಕುಡಿಯೋ ನೀರು ಬರ್ತಿದ್ದದ್ದೂ ಹೆಚ್ಚಾಗಿ ಅದೇ ಥೇಮ್ಸ್‌ನಿಂದ! 1848-49ರ ಕಾಲರಾದಲ್ಲಿ ಲಂಡನ್ನಿನಲ್ಲಿ 14,000ಕ್ಕೂ ಹೆಚ್ಚು ಜನ ಸತ್ತರು. 1853-54ರಲ್ಲಿ ಮತ್ತೆ 10,000ಕ್ಕೂ ಹೆಚ್ಚು. ಬ್ಯಾಜಲ್‌ಜೆಟ್ ಈ ಆಯೋಗಕ್ಕೆ ಸಹಾಯಕ ಸರ್ವೇಯರ್ ಆಗಿ ಸೇರಿದ್ದು 1849ರಲ್ಲಿ. ಅವರ ಮೇಲಧಿಕಾರಿ ಫ್ರಾಂಕ್ ಫಾರ್ಸ್ಟರ್ ಕೆಲಸದ ಒತ್ತಡದಲ್ಲಿ ಬಳಲಿ 1852ರಲ್ಲಿ ತೀರಿಕೊಂಡರು. ಆ ಕುರ್ಚಿ ಬ್ಯಾಜಲ್‌ಜೆಟ್ ಪಾಲಿಗೆ ಬಂತು. ಒಮ್ಮೆ ಕುಸಿದಿದ್ದ ಮನುಷ್ಯ ಅದೇ ಕುರ್ಚಿಯಲ್ಲಿ ಕೂತರು.

ಸಮಸ್ಯೆಯ ಬೇರು ನದಿಯ ಭರತ-ಇಳಿತದಲ್ಲಿತ್ತು. ಲಂಡನ್ ಸಮುದ್ರದಿಂದ ದೂರ ಇದ್ದರೂ ಥೇಮ್ಸ್ ಅಲ್ಲಿ ದಿನಕ್ಕೆ ಎರಡು ಸಲ ಏರಿ ಇಳಿಯುತ್ತೆ. ದಕ್ಷಿಣ ದಂಡೆಯ ಸದಕ್, ಲ್ಯಾಂಬೆತ್‌ನಂಥ ತಗ್ಗು ಪ್ರದೇಶಗಳು ಭರತದ ಮಟ್ಟಕ್ಕಿಂತ ಕೆಳಗಿದ್ದವು. ಭರತ ಬಂದಾಗ ಚರಂಡಿಯ ಬಾಯಿ ಮುಳುಗುತ್ತಿತ್ತು. ನೀರು ಹೊರಗೆ ಹೋಗೋಕೆ ದಾರಿ ಇಲ್ಲ, ಒಳಗೇ ನಿಲ್ಲುತ್ತಿತ್ತು. ಅದೇ ಹೊತ್ತಿಗೆ ಜೋರು ಮಳೆ ಬಂದರೆ ಮುಗೀತು. ಪೈಪಿನಲ್ಲಿ ಒತ್ತಡ ಏರಿ, ಎಲ್ಲಕ್ಕಿಂತ ತಗ್ಗಿನಲ್ಲಿರೋ ಬಾಯಿ ಹುಡುಕಿಕೊಂಡು ಕೊಳಚೆ ಉಕ್ಕುತ್ತಿತ್ತು. ಆ ತಗ್ಗಿನ ಬಾಯಿ ಯಾವುದು? ಬೇಸ್‌ಮೆಂಟ್! ಮೇಲಿನ ಮಹಡಿಯವರ ಕೊಳೆ ಕೆಳಗಿನವರ ಒಲೆ ಹತ್ತಿರ.

1856ರಲ್ಲಿ ಹೊಸ ಮಂಡಳಿ ಬಂತು, ಬ್ಯಾಜಲ್‌ಜೆಟ್ ಮುಖ್ಯ ಇಂಜಿನಿಯರ್ ಆದರು. ಕೊಳಚೆ ನದಿಗೆ ಸೇರೋಕೆ ಮುಂಚೆ ಅಡ್ಡ ಹಿಡಿದು, ನದಿಗೆ ಸಮಾನಾಂತರವಾಗಿ ಪೂರ್ವಕ್ಕೆ, ಊರಾಚೆ ಸಾಗಿಸೋದು ಅವರ ಯೋಜನೆ. ಆದರೆ ಎಲ್ಲಿಗೆ ಬಿಡಬೇಕು, ದುಡ್ಡು ಯಾರು ಕೊಡಬೇಕು ಅಂತ ಸರ್ಕಾರದ ಜೊತೆ ಎರಡು ವರ್ಷ ಜಗ್ಗಾಟ. ನಕ್ಷೆ ಹೋಗುತ್ತೆ, ತಿರಸ್ಕಾರವಾಗಿ ಬರುತ್ತೆ. ಕೊನೆಗೆ ತೀರ್ಪು ಕೊಟ್ಟದ್ದು 1858ರ ಬೇಸಿಗೆ. ಸೆಕೆಗೆ ಥೇಮ್ಸ್ ಎಷ್ಟು ನಾರಿತು ಅಂದರೆ, ದಂಡೆಯಲ್ಲೇ ಇದ್ದ ಪಾರ್ಲಿಮೆಂಟಿನವರು ಕಿಟಕಿ ಪರದೆಗಳನ್ನ ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ ಕೂರಬೇಕಾಯಿತು. ಬಡವರ ನೆಲಮಾಳಿಗೆಯ ವಾಸನೆ ಅಧಿಕಾರದವರ ಮೂಗಿಗೆ ತಲುಪಿದ ಮೇಲೆ ಕಾನೂನು 18 ದಿನಗಳಲ್ಲಿ ಪಾಸಾಯಿತು!

ಆಮೇಲೆ ನಡೆದದ್ದು ಅಪ್ಪಟ ಇಂಜಿನಿಯರಿಂಗ್. ಸುಮಾರು 132 ಕಿ.ಮೀ. ಮುಖ್ಯ ಸೀವರ್, ಅದಕ್ಕೆ ಸೇರೋ ಬೀದಿ ಸೀವರ್‌ಗಳು ಸುಮಾರು 1,800 ಕಿ.ಮೀ. ಇಟ್ಟಿಗೆಗಳು 31 ಕೋಟಿ 80 ಲಕ್ಷ. ಇಳಿಜಾರು ಬಹುತೇಕ ಮೈಲಿಗೆ 2 ಅಡಿ, ಅಂದರೆ 2,640ಕ್ಕೆ 1. ಮನೆಗಳಿರೋ ಊರಿನ ಕೆಳಗೆ, ರೈಲು, ಕಾಲುವೆಗಳನ್ನ ತಪ್ಪಿಸಿಕೊಂಡು, ಲೇಸರ್ ಲೆವೆಲ್ ಇಲ್ಲದ ಕಾಲದಲ್ಲಿ ಈ ಇಳಿಜಾರು ಹಿಡಿದರು. ಮೊಟ್ಟೆಯಾಕಾರ ಯಾಕೆ ಅಂತ ನಿಮಗೆ ಗೊತ್ತು. ನೀರು ಕಡಿಮೆ ಇದ್ದಾಗ ಕೆಳಗಿನ ಕಿರಿದಾದ ಭಾಗದಲ್ಲಿ ಆಳ ಸಿಕ್ಕು ವೇಗ ಉಳಿಯುತ್ತೆ, ಹೂಳು ಕೂರಲ್ಲ. ಇಳಿಜಾರು ಮುಗಿದು ಸೀವರ್ ತುಂಬಾ ಆಳಕ್ಕೆ ಹೋದ ಕಡೆ ಪಂಪಿಂಗ್ ಸ್ಟೇಷನ್. ಉಗಿಯಂತ್ರಗಳು ಕೊಳಚೆಯನ್ನ ಮೇಲೆತ್ತಿ ಮತ್ತೆ ಹರಿಯಬಿಡುತ್ತಿದ್ದವು.

ಬ್ಯಾಜಲ್‌ಜೆಟ್ ತಗೊಂಡ ಇನ್ನೊಂದು ದೊಡ್ಡ ರಿಸ್ಕ್ ಪೋರ್ಟ್‌ಲ್ಯಾಂಡ್ ಸಿಮೆಂಟು. ಆಗಿನ್ನೂ ಅದನ್ನ ಅಷ್ಟಾಗಿ ಯಾರೂ ನಂಬುತ್ತಿರಲಿಲ್ಲ. ಸುಡುವಾಗ ಶಾಖ ಸ್ವಲ್ಪ ಹೆಚ್ಚುಕಡಿಮೆ ಆದರೂ ಕೆಟ್ಟುಹೋಗುತ್ತಿತ್ತು. ಆದರೆ ಸರಿಯಾಗಿ ತಯಾರಾದರೆ ನೀರಿನಲ್ಲೇ ಗಟ್ಟಿಯಾಗುತ್ತೆ. ಅದಕ್ಕೆ ಬ್ಯಾಜಲ್‌ಜೆಟ್, ಅವರ ಸಹಾಯಕ ಜಾನ್ ಗ್ರಾಂಟ್ ಸೇರಿ ಒಂದು ಕಟ್ಟುನಿಟ್ಟಿನ ಪದ್ಧತಿ ತಂದರು. ಬಂದ ಸಿಮೆಂಟಿನಿಂದ ಅಚ್ಚು ಹಾಕಿ, ಏಳು ದಿನ ನೀರಿನಲ್ಲಿಟ್ಟು, ಎಳೆದು ಮುರಿದು ನೋಡೋದು. ಫೇಲ್ ಆದರೆ ಮಾಲು ವಾಪಸ್. ನಮ್ಮ ಮೆಟೀರಿಯಲ್ಸ್ ಲ್ಯಾಬಿನಲ್ಲಿ ಬೇಸರದಿಂದ ಮಾಡೋ ಪರೀಕ್ಷೆಯ ಹಿಂದೆ ಇಂಥ ಹಟ ಇದೆ.

1865ರ ಏಪ್ರಿಲ್‌ನಲ್ಲಿ ಕ್ರಾಸ್‌ನೆಸ್ ಪಂಪಿಂಗ್ ಸ್ಟೇಷನ್ನನ್ನ ಯುವರಾಜ ಉದ್ಘಾಟಿಸಿದ. ಮರುವರ್ಷ ಕಾಲರಾ ಮತ್ತೆ ಬಂತು. ಊರಿನ ಬಹುಪಾಲು ಬಚಾವಾಯಿತು, ಆದರೆ ಈಸ್ಟ್ ಎಂಡ್‌ನಲ್ಲಿ 5,500ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ನೀರಿನ ಕಂಪನಿ ಸೋಸದ ನೀರು ಬಿಟ್ಟಿತ್ತು. ಆ ಭಾಗದ ಸೀವರ್ ಇನ್ನೂ ಹೊಸ ಜಾಲಕ್ಕೆ ಸೇರಿರಲಿಲ್ಲ, ಅದನ್ನ ಎತ್ತಬೇಕಾದ ಆ್ಯಬಿ ಮಿಲ್ಸ್ ಪಂಪಿಂಗ್ ಸ್ಟೇಷನ್ ಶುರುವಾದದ್ದು 1868ರಲ್ಲಿ. ಎರಡು ವರ್ಷದ ಅಂತರ ಎಷ್ಟು ಜೀವಗಳ ಲೆಕ್ಕ ಆಗಬಹುದು ಅನ್ನೋದು ಇಲ್ಲಿ ಕಾಣುತ್ತೆ. ಅದಾದ ಮೇಲೆ ಲಂಡನ್ನಿನಲ್ಲಿ ಕಾಲರಾ ಸಾಂಕ್ರಾಮಿಕ ಮತ್ತೆ ಬರಲಿಲ್ಲ.

ತಮಾಷೆ ಅಂದರೆ, ಈ ಯೋಜನೆ ಹುಟ್ಟಿದಾಗ ಬಹಳಷ್ಟು ಜನ ನಂಬಿದ್ದು ಕೆಟ್ಟ ಗಾಳಿಯಿಂದ ರೋಗ ಬರುತ್ತೆ ಅಂತ. ನೀರಿನಿಂದ ಹರಡುತ್ತೆ ಅಂತ 1854ರಲ್ಲಿ ಡಾಕ್ಟರ್ ಜಾನ್ ಸ್ನೋ ತೋರಿಸಿದ್ದರೂ ಹೆಚ್ಚಿನವರು ಒಪ್ಪಿರಲಿಲ್ಲ. ವಾಸನೆ ಓಡಿಸೋಕೆ ಕಟ್ಟಿದ ಸೀವರ್ ಕುಡಿಯೋ ನೀರಿನಿಂದ ಕೊಳಚೆಯನ್ನ ದೂರ ಮಾಡಿತು. ಥಿಯರಿ ತಪ್ಪಿತ್ತು, ಕೆಲಸ ಸರಿಯಾಗಿತ್ತು.

ಹಾಗಂತ ಬ್ಯಾಜಲ್‌ಜೆಟ್ ಮಾಡಿದ್ದೆಲ್ಲ ಪರಿಪೂರ್ಣ ಅಲ್ಲ. ಅವರ ಸೀವರ್ ಕೊಳಚೆಯನ್ನ ಶುದ್ಧ ಮಾಡುತ್ತಿರಲಿಲ್ಲ, ದೂರ ಸಾಗಿಸುತ್ತಿತ್ತು ಅಷ್ಟೆ. 1878ರ ಸೆಪ್ಟೆಂಬರ್ 3ರಂದು ಪ್ರಿನ್ಸೆಸ್ ಆ್ಯಲಿಸ್ ಅನ್ನೋ ದೋಣಿ, ಕೊಳಚೆ ಬಿಡೋ ಜಾಗಗಳ ಹತ್ತಿರವೇ ಡಿಕ್ಕಿಯಾಗಿ ಮುಳುಗಿ 600ಕ್ಕೂ ಹೆಚ್ಚು ಜನ ಸತ್ತರು. ಆ ನೀರಿನ ಸ್ಥಿತಿಯ ಬಗ್ಗೆ ದೊಡ್ಡ ಗಲಾಟೆ ಎದ್ದಿತು. ಮುಂದೆ ಗಟ್ಟಿ ಅಂಶವನ್ನ ಬೇರ್ಪಡಿಸಿ, 1887ರಿಂದ ಹಡಗಿನಲ್ಲಿ ಸಮುದ್ರಕ್ಕೆ ಸಾಗಿಸತೊಡಗಿದರು. ನಮ್ಮ ಮನೆಯಿಂದ ಹೊರಗೆ ಹೋದದ್ದು ಇನ್ನೊಬ್ಬರ ಅಂಗಳದಲ್ಲಿ ಇಳಿಯುತ್ತೆ ಅನ್ನೋ ಪಾಠ ಆ ಊರಿಗೆ ಹೀಗೆ ಸಿಕ್ಕಿತು.

ಥೇಮ್ಸ್ ದಂಡೆಯ ಮೂರು ದೊಡ್ಡ ಕಟ್ಟೆಗಳೂ ಬ್ಯಾಜಲ್‌ಜೆಟ್ ಕೆಲಸವೇ. 1870ರಲ್ಲಿ ತೆರೆದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟಿನಲ್ಲಿ ಮೇಲೆ ರಸ್ತೆ, ಒಳಗೆ ಸೀವರ್ ಮತ್ತು ಸುರಂಗ ರೈಲು. ಸರ್ ಪದವಿ ಸಿಕ್ಕಿತು, 1883ರಲ್ಲಿ ಸಿವಿಲ್ ಇಂಜಿನಿಯರ್‌ಗಳ ಸಂಸ್ಥೆಯ ಅಧ್ಯಕ್ಷರಾದರು. ಹನ್ನೊಂದು ಮಕ್ಕಳ ತಂದೆ, 1891ರ ಮಾರ್ಚ್ 15ರಂದು ವಿಂಬಲ್ಡನ್ನಿನಲ್ಲಿ ತೀರಿಕೊಂಡರು. ಅವರ ವಂಶದ ಪೀಟರ್ ಬ್ಯಾಜಲ್‌ಜೆಟ್ ಬ್ರಿಟನ್ನಿನ ಟಿವಿಗೆ ಬಿಗ್ ಬ್ರದರ್ ತಂದವರು. ನಮ್ಮ ಬಿಗ್ ಬಾಸ್‌ಗೂ ಮೂಲ ಅದೇ ಶೋ. ಹಿರೀಕ ಮನೆಯಿಂದ ಹೊರಗೆ ಹಾಕಿದ್ದನ್ನ ವಂಶದ ಕುಡಿ ಒಳಗೆ ತಂದ ಅಂತ ನೀವು ನಗಬಹುದು, ನಾನು ಏನೂ ಹೇಳಲ್ಲ!

ಈಗ ಮತ್ತೆ ಆ ಬೇಸ್‌ಮೆಂಟ್ ಮನೆಗೆ ಬರೋಣ. ಲಂಡನ್ನಿನ ಒಳಭಾಗದಲ್ಲಿ ಇವತ್ತಿಗೂ ಮಳೆನೀರು, ಕೊಳಚೆ ಎರಡೂ ಒಂದೇ ಸೀವರಿನಲ್ಲಿ ಹೋಗುತ್ತವೆ. ಜೋರು ಮಳೆಗೆ ಸೀವರ್ ತುಂಬಿದರೆ ನೀರು ಹಿಂದಕ್ಕೆ ಬರೋ ಭಯ ಈಗಲೂ ಇದೆ. ಅದಕ್ಕೆ ಹೊಸದಾಗಿ ಬೇಸ್‌ಮೆಂಟ್ ಸಜ್ಜು ಮಾಡುವಾಗ ಅಲ್ಲಿನ ನೀರನ್ನ ಗುಂಡಿಗೆ ಇಳಿಸಿ, ಪಂಪಿನಿಂದ ರಸ್ತೆ ಮಟ್ಟಕ್ಕಿಂತ ಮೇಲೆತ್ತಿ, ಆಮೇಲೆ ಸೀವರಿಗೆ ಬಿಡ್ತಾರೆ. ಜೊತೆಗೆ ನೀರು ವಾಪಸ್ ಬರದ ಹಾಗೆ ವಾಲ್ವ್. ಇದು ಆ್ಯಬಿ ಮಿಲ್ಸ್‌ನ ಐಡಿಯಾನೇ, ಮನೆ ಸೈಜಿನಲ್ಲಿ.

ಹಳೇ ಮನೆಗೂ ಹೊಸ ಮನೆಗೂ ಔಷಧಿ ಬೇರೆ. ಹಳೇ ಮನೆಯ ಇಟ್ಟಿಗೆ ಗೋಡೆ, ಸುಣ್ಣದ ಗಾರೆ ತೇವವನ್ನ ಹೀರಿ ಬಿಡುತ್ತಿರುತ್ತೆ. ಒಳಗಿನಿಂದ ಬರೀ ಸಿಮೆಂಟ್ ಮೆತ್ತಿದರೆ ತೇವ ಹೋಗಲ್ಲ, ಗೋಡೆಯಲ್ಲಿ ಇನ್ನೂ ಮೇಲಕ್ಕೆ ಹತ್ತುತ್ತೆ. ಅದಕ್ಕೆ ಗೋಡೆಗೆ ಉಬ್ಬುಗಳಿರೋ ಪ್ಲಾಸ್ಟಿಕ್ ಹಾಳೆ ಹೊದಿಸಿ, ಹಿಂದೆ ಜಿನುಗಿದ ನೀರು ಇಳಿದು ಪಂಪಿನ ಗುಂಡಿಗೆ ಹೋಗೋ ಹಾಗೆ ದಾರಿ ಬಿಡ್ತಾರೆ. ಹೊಸ ಮನೆಯಲ್ಲಾದರೆ ಕಾಂಕ್ರೀಟನ್ನೇ ನೀರು ಬಿಡದ ಹಾಗೆ ಹಾಕಿ, ಜಾಯಿಂಟುಗಳಲ್ಲಿ ವಾಟರ್ ಸ್ಟಾಪ್ ಕೂರಿಸ್ತಾರೆ. ಎರಡರಲ್ಲೂ ಟೈಲ್ಸ್, ಪೇಂಟ್ ಕೊನೆಗೆ.

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆಯ ಬೇಸ್‌ಮೆಂಟುಗಳಿಗೆ ನೀರು ನುಗ್ಗಿದ್ದು ನಮಗೆಲ್ಲ ನೆನಪಿದೆ. ನಾಳೆ ನಮ್ಮಲ್ಲೇ ಯಾರೋ ಒಬ್ಬರು ಇಂಥ ಕಟ್ಟಡದ ನಕ್ಷೆಗೆ ಸಹಿ ಹಾಕ್ತೀವಿ. ಆಗ ಒಳಗಿನ ಬಣ್ಣಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಮಳೆ ಬಂದಾಗ ಇಲ್ಲಿಯ ನೀರು ಎಲ್ಲಿಗೆ ಹೋಗುತ್ತೆ?