ನಾಲ್ಕು ಸ್ಕ್ರೂಗಳ ಗಿಟಾರ್ ಮತ್ತು ಲಿಯೋ ಫೆಂಡರ್

ಕಳೆದ ರಜೆಯಲ್ಲಿ ನಮ್ಮ ಮಾಮು ತಮ್ಮ ಎಲೆಕ್ಟ್ರಿಕ್ ಗಿಟಾರ್ ಮಾರುವುದೆಂದು ತೀರ್ಮಾನಿಸಿದರು. ಅವರ ಮಗಳು, ಅಂದರೆ ನನ್ನ ಆಪಾ, ನರ್ಸಿಂಗ್ ಓದುತ್ತಿದ್ದಾಳೆ. ಅವಳ ಎರಡನೇ ಕಂತಿನ ಫೀಸ್ ಬಾಕಿ ಇತ್ತು. ಮಾಮು ಮೊದಲು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದವರು. ಈಗ ಹಾರ್ಡ್‌ವೇರ್ ಅಂಗಡಿ ನಡೆಸುತ್ತಾರೆ. ಗಿಟಾರ್ ಹತ್ತು ವರ್ಷದಿಂದ ಮಂಚದ ಕೆಳಗೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಮಲಗಿತ್ತು. ಅದರ ಧೂಳು ಒರೆಸಿ, ಫೋಟೊ ತೆಗೆದು, ಗೊತ್ತಿದ್ದವರಿಗೆಲ್ಲ ಕಳುಹಿಸುವ ಕೆಲಸ ನನ್ನ ಪಾಲಿಗೆ ಬಂತು.

ಎರಡೇ ದಿನದಲ್ಲಿ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಫೋನ್ ಮಾಡಿದ. ಗಿಟಾರಿನ ತಲೆಯ ಮೇಲೆ ಫೆಂಡರ್ ಎಂದು ಬರೆದಿದ್ದನ್ನು ಅವನು ಫೋಟೊದಲ್ಲಿ ನೋಡಿದ್ದ. ನಾವು ಹೇಳಿದ ಹದಿನೈದು ಸಾವಿರಕ್ಕೆ ಚೌಕಾಸಿಯನ್ನೇ ಮಾಡಲಿಲ್ಲ. ಇದು ಒರಿಜಿನಲ್ಲೇ ತಾನೇ ಎಂದಷ್ಟೇ ಕೇಳಿದ. ವಿಚಾರಿಸಿ ಹೇಳುತ್ತೇನೆಂದು ಫೋನ್ ಇಟ್ಟೆ.

ಮಾಮು ನಕ್ಕುಬಿಟ್ಟರು. ಬಾಡಿ ಒಬ್ಬ ಹಳೆಯ ಜೊತೆಗಾರನ ಮುರಿದ ಗಿಟಾರಿನದಂತೆ. ನೆಕ್ ಇನ್ನೊಂದರದು. ತಂತಿಗಳ ಕೆಳಗಿರುವ ಮೂರು ಪಿಕಪ್‌ಗಳಲ್ಲಿ ಎರಡು ಒಂದು ಕಡೆಯವು, ಒಂದು ಮತ್ತೊಂದು ಕಡೆಯದು. ರಿಪೇರಿ ಮಾಡುವವನೊಬ್ಬ ಎಲ್ಲವನ್ನೂ ಜೋಡಿಸಿ, ಕೊನೆಗೆ ಪುಕ್ಕಟೆಯಾಗಿ ಒಂದು ಸ್ಟಿಕ್ಕರ್ ಅಂಟಿಸಿ ಕೊಟ್ಟಿದ್ದನಂತೆ. ಅಂದರೆ ಅದರಲ್ಲಿ ಫೆಂಡರ್ ಎಂಬುದು ಆ ಸ್ಟಿಕ್ಕರ್ ಮಾತ್ರ. ಇದನ್ನೆಲ್ಲ ಆ ಹುಡುಗನಿಗೆ ಮೊದಲು ಹೇಳು ಎಂದರು ಮಾಮು. ನನಗೆ ಸಿಟ್ಟು ಬಂತು. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಆಪಾಳ ಫೀಸ್ ಏನಾಗಬೇಕು? ಮಾಮು ಉತ್ತರ ಕೊಡದೆ ಅಂಗಡಿಗೆ ಹೊರಟುಹೋದರು. ಒಂದು ಹೆಸರಿಗೆ ಇಷ್ಟು ಬೆಲೆ ಏಕೆ, ಈ ಫೆಂಡರ್ ಯಾರು ಎಂದು ನಾನು ಓದತೊಡಗಿದ್ದು ಆ ದಿನ. ನಿಜ ಹೇಳಬೇಕೆಂದರೆ, ಮಾಮು ಜೊತೆ ವಾದ ಮಾಡಲು ಏನಾದರೂ ಸಿಗಬಹುದು ಎಂಬ ಆಸೆಯೂ ಇತ್ತು.

ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರ್ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅನಾಹೈಮ್ ಮತ್ತು ಫುಲ್ಲರ್ಟನ್ ಊರುಗಳ ನಡುವೆ ತಂದೆ ತಾಯಿಗೆ ಕಿತ್ತಳೆ ತೋಟವಿತ್ತು. ಎಂಟನೇ ವಯಸ್ಸಿನಲ್ಲಿ ಗೆಡ್ಡೆಯಾಗಿ ಎಡಗಣ್ಣು ಹೋಯಿತು. ಮುಂದೆ ಜೀವನವಿಡೀ ಗಾಜಿನ ಕಣ್ಣು. ಹದಿಮೂರರ ಸುಮಾರಿಗೆ, ವಾಹನಗಳ ವಿದ್ಯುತ್ ಕೆಲಸ ಮಾಡುತ್ತಿದ್ದ ಸಂಬಂಧಿಕರೊಬ್ಬರು ಹುಡುಗನಿಗೆ ಒಂದು ದೊಡ್ಡ ಪೆಟ್ಟಿಗೆ ಕಳುಹಿಸಿದರು. ಅದರ ತುಂಬ ಬೇಡವಾದ ಬಿಡಿಭಾಗಗಳು. ಮರುವರ್ಷ ಅವರ ಅಂಗಡಿಗೆ ಹೋದಾಗ ಬಾಗಿಲ ಬಳಿ ಒಂದು ರೇಡಿಯೊ ಹಾಡುತ್ತಿತ್ತು. ಅದನ್ನೂ ಅವರು ಬಿಡಿಭಾಗಗಳಿಂದಲೇ ಜೋಡಿಸಿದ್ದರು. ಅದರಿಂದ ಹೊರಡುತ್ತಿದ್ದ ಗಟ್ಟಿ ಧ್ವನಿ ಹುಡುಗನ ತಲೆಯಲ್ಲಿ ಉಳಿದುಬಿಟ್ಟಿತು. ಮಾಮು ಗಿಟಾರಿನ ಹಾಗೆಯೇ ಅಲ್ಲಿ ಒಂದು ಇಲ್ಲಿ ಒಂದು ಸೇರಿಸಿ ಮಾಡಿದ ವಸ್ತುವಿನಿಂದಲೇ ಇವರ ಕಥೆಯೂ ಶುರುವಾಗಿದೆಯಲ್ಲ ಎಂದು ಓದುವಾಗ ನನಗನ್ನಿಸಿತು.

ಕಾಮರ್ಸ್ ವಿಭಾಗದ ಗೆಳೆಯರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಲಿಯೋ ಕಾಲೇಜಿನಲ್ಲಿ ಓದಿದ್ದು ಅಕೌಂಟೆನ್ಸಿ, ಇಲೆಕ್ಟ್ರಾನಿಕ್ಸ್ ಅಲ್ಲ. ರೇಡಿಯೊ ವಿದ್ಯೆಯನ್ನು ಯಾರೂ ಅವರಿಗೆ ತರಗತಿಯಲ್ಲಿ ಕಲಿಸಲಿಲ್ಲ. ಲೆಕ್ಕ ಬರೆಯುವ ಕೆಲಸ ಮಾಡಿಕೊಂಡಿದ್ದರು, 1934ರಲ್ಲಿ ಎಸ್ತರ್ ಅವರನ್ನು ಮದುವೆಯಾದರು. ಆರ್ಥಿಕ ಮಹಾಕುಸಿತದ ಕಾಲವದು, ಕೆಲಸ ಹೋಯಿತು. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು. ರೇಡಿಯೊಗಳ ಜೊತೆಗೆ ಊರಿನ ಸಂಗೀತಗಾರರು ಕೆಟ್ಟ ಆಂಪ್ಲಿಫೈಯರ್‌ಗಳನ್ನೂ ತರತೊಡಗಿದರು. ಯಾವ ಭಾಗ ಬೇಗ ಕೆಡುತ್ತದೆ, ಏಕೆ ಕೆಡುತ್ತದೆ ಎಂಬುದು ರಿಪೇರಿ ಮಾಡುವವನಿಗೆ ಗೊತ್ತಾಗುವಷ್ಟು ತಯಾರಿಸುವವನಿಗೆ ಗೊತ್ತಾಗುವುದಿಲ್ಲ. ಲಿಯೋ ಅವರ ಮುಂದಿನ ಕೆಲಸವೆಲ್ಲ ಈ ಅಂಗಡಿಯ ಟೇಬಲ್ಲಿನಿಂದಲೇ ಬಂದದ್ದೆಂದು ನನ್ನ ಅಭಿಪ್ರಾಯ.

ಇನ್ನೊಂದು ಮಾತು ನಂಬಲು ಕಷ್ಟ. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಪಿಯಾನೊ ಮತ್ತು ಸ್ಯಾಕ್ಸೊಫೋನ್ ಕಲಿತಿದ್ದರು, ಗಿಟಾರಿಗೆ ಶ್ರುತಿ ಮಾಡಲೂ ಬರುತ್ತಿರಲಿಲ್ಲ. ಹಾಗಾಗಿ ತಾವು ಮಾಡಿದ್ದನ್ನೆಲ್ಲ ನುಡಿಸುವವರ ಕೈಗೆ ಕೊಟ್ಟು, ಅವರು ಏನು ದೂರುತ್ತಾರೋ ಕೇಳಿ, ಮತ್ತೆ ಬಿಚ್ಚಿ ಸರಿಪಡಿಸುತ್ತಿದ್ದರು.

ಯುದ್ಧದ ದಿನಗಳಲ್ಲಿ ಡಾಕ್ ಕಾಫ್‌ಮನ್ ಎಂಬ ಸಂಗೀತಗಾರರ ಜೊತೆ ಸೇರಿ ಒಂದು ಪಿಕಪ್ ತಯಾರಿಸಿದರು. ಪಿಕಪ್ ಎಂದರೆ ಏನೆಂದು ದ್ವಿತೀಯ ಪಿಯುಸಿ ವಿಜ್ಞಾನದವರಿಗೆ ಹೇಳಬೇಕಾಗಿಲ್ಲ. ವಿದ್ಯುತ್ಕಾಂತೀಯ ಪ್ರೇರಣೆಯ ಪಾಠವೇ ಅದು. ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ಈ ಪಿಕಪ್ಪನ್ನು ಪರೀಕ್ಷಿಸಲು ಅವರು ಒಂದು ಮರದ ಹಲಗೆಗೆ ತಂತಿ ಕಟ್ಟಿ ಒರಟಾದ ಗಿಟಾರ್ ಮಾಡಿಕೊಂಡರು. ಮಾರುವ ಉದ್ದೇಶವೇ ಇರಲಿಲ್ಲ. ಆದರೆ ಸುತ್ತಮುತ್ತಲಿನ ಸಂಗೀತಗಾರರು ಅದರ ಸ್ಪಷ್ಟವಾದ ನಾದ ಕೇಳಿ, ಕಾರ್ಯಕ್ರಮಗಳಿಗೆ ಬೇಕೆಂದು ಬಾಡಿಗೆಗೆ ಒಯ್ಯತೊಡಗಿದರು.

ಆ ಕಾಲದ ಒಳ್ಳೆಯ ಗಿಟಾರ್‌ಗಳ ಹೊಟ್ಟೆ ಟೊಳ್ಳು. ಧ್ವನಿ ಜೋರು ಮಾಡಿದರೆ ಸ್ಪೀಕರಿನ ಸದ್ದಿಗೆ ಹೊಟ್ಟೆಯೇ ನಡುಗಿ ಕೀಂ ಎಂದು ಕೂಗುತ್ತಿತ್ತು. ನಮ್ಮ ಸಭಾಂಗಣದ ಮೈಕ್ ವಾರ್ಷಿಕೋತ್ಸವದಲ್ಲಿ ಕೂಗುತ್ತದಲ್ಲ, ಹಾಗೆ. ನೆಕ್ಕನ್ನು ಬಾಡಿಗೆ ಅಂಟು ಹಾಕಿ ಕೂಡಿಸುತ್ತಿದ್ದರು. ನೆಕ್ ಬಾಗಿದರೆ ನುರಿತವರ ಹತ್ತಿರ ವಾರಗಟ್ಟಲೆ ಬಿಡಬೇಕು. ಲಿಯೋ ಇದನ್ನು ರೇಡಿಯೊ ರಿಪೇರಿಯವನ ಕಣ್ಣಿನಿಂದ ನೋಡಿದರು. 1946ರಲ್ಲಿ ತಮ್ಮದೇ ಹೆಸರಿನ ಕಂಪನಿ ಶುರು ಮಾಡಿದ್ದರು. 1950ರಲ್ಲಿ ಆ ಕಂಪನಿಯಿಂದ ಗಟ್ಟಿ ಹಲಗೆಯ ಗಿಟಾರ್ ಹೊರಬಂತು. ಬಾಡಿ ಒಂದು ಹಲಗೆ, ನೆಕ್ ಮೇಪಲ್ ಮರದ ಇನ್ನೊಂದು ತುಂಡು, ಎರಡನ್ನೂ ಹಿಡಿದಿರುವುದು ಬೆನ್ನ ಹಿಂದಿನ ನಾಲ್ಕು ಸ್ಕ್ರೂ. ನೆಕ್ ಕೆಟ್ಟರೆ ಬಿಚ್ಚಿ ಬೇರೆಯದನ್ನು ಹಾಕಬಹುದು. ಕುಶಲಕರ್ಮಿಗಳಾದ ಹಳೆಯ ತಯಾರಕರಿಗೆ ಇದು ಹಲಗೆಯ ತುಂಡಿನಂತೆ ಕಂಡಿತು, ಗೇಲಿಯೂ ಆಯಿತು.

ಕಾರ್ಖಾನೆಯೊಳಗಿನ ಪದ್ಧತಿ ನನಗೆ ಎಲ್ಲಕ್ಕಿಂತ ಹಿಡಿಸಿತು. ನೆಕ್‌ಗಳ ರಾಶಿ ಒಂದು ಕಡೆ, ಬಾಡಿಗಳ ರಾಶಿ ಒಂದು ಕಡೆ. ಜೋಡಿಸುವವರು ಕೈಗೆ ಸಿಕ್ಕಿದ್ದನ್ನು ತೆಗೆದು ಕೂಡಿಸುತ್ತಿದ್ದರು. ನೆಕ್ ತಯಾರಿಸಿದವರು ಅದರ ಬುಡದಲ್ಲಿ, ಸ್ಕ್ರೂ ಹಾಕಿದ ಮೇಲೆ ಯಾರಿಗೂ ಕಾಣದ ಜಾಗದಲ್ಲಿ, ಪೆನ್ಸಿಲಿನಿಂದ ತಾರೀಖು ಬರೆಯುತ್ತಿದ್ದರು. ಟೆಡಿಯೊ ಗೋಮೆಜ್ ಎಂಬ ಕೆಲಸಗಾರ ಬರೆದ ಎರಡಕ್ಷರದ ಇನಿಶಿಯಲ್ ಇರುವ ನೆಕ್‌ಗಳನ್ನು ಇವತ್ತು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಒಂದೇ ಗಿಟಾರಿನ ನೆಕ್ ಮತ್ತು ಬಾಡಿಯ ತಾರೀಖುಗಳ ನಡುವೆ ತಿಂಗಳುಗಳ ಅಂತರ ಇರುವುದುಂಟು. ಹಾಗಾದರೆ ಒರಿಜಿನಲ್ ಎಂದರೂ ಒಂದು ಲೆಕ್ಕದಲ್ಲಿ ಜೋಡಿಸಿದ್ದೇ.

ಹೆಸರಿನ ತಕರಾರು ಆಗಲೇ ಬಂದಿತ್ತು. ಆ ಗಿಟಾರಿಗೆ ಬ್ರಾಡ್‌ಕಾಸ್ಟರ್ ಎಂದು ಹೆಸರಿಟ್ಟಿದ್ದರು. ಗ್ರೆಚ್ ಕಂಪನಿ ಅದೇ ಉಚ್ಚಾರಣೆಯ ಹೆಸರಿನಲ್ಲಿ ಡ್ರಮ್ ಮಾರುತ್ತಿತ್ತು, ಆಕ್ಷೇಪಿಸಿತು. ಫೆಂಡರ್ ಕಂಪನಿಯವರು ಅಚ್ಚು ಹಾಕಿಸಿದ್ದ ಸ್ಟಿಕ್ಕರ್‌ಗಳನ್ನು ಎಸೆಯಲಿಲ್ಲ. ಎರಡನೇ ಹೆಸರನ್ನು ಕತ್ತರಿಸಿ ತೆಗೆದು, ಬರೀ ಫೆಂಡರ್ ಎಂಬ ತುಂಡನ್ನು ಅಂಟಿಸಿ ಮಾರಿದರು. ಲೆಕ್ಕ ಬಲ್ಲ ಯಜಮಾನ ಅಲ್ಲವೇ! 1951ರಲ್ಲಿ ಟೆಲಿಕಾಸ್ಟರ್ ಎಂಬ ಹೊಸ ಹೆಸರು ಬಂತು. ಅದೇ ವರ್ಷ ಪ್ರಿಸಿಷನ್ ಬೇಸ್, 1954ರಲ್ಲಿ ಸ್ಟ್ರಾಟೊಕಾಸ್ಟರ್. ಹಲಗೆಯ ಚೂಪು ಅಂಚು ಪಕ್ಕೆಗೆ ಒತ್ತುತ್ತದೆ ಎಂದು ಸಂಗೀತಗಾರರು ದೂರಿದ್ದಕ್ಕೆ ಸ್ಟ್ರಾಟೊಕಾಸ್ಟರಿನ ಬಾಡಿಯನ್ನು ಮೈಗೆ ಹೊಂದುವಂತೆ ಕೆತ್ತಿದರು, ಮೂರು ಪಿಕಪ್ ಇಟ್ಟರು. ಸ್ವರ ಅಲುಗಿಸುವ ಸನ್ನೆಯೂ ಸೇರಿ ಬೆಲೆ 249 ಡಾಲರ್ 50 ಸೆಂಟ್. ಮಾಮು ಗಿಟಾರ್ ಇದರದೇ ಆಕಾರದ್ದು. ಜಿಮಿ ಹೆಂಡ್ರಿಕ್ಸ್ 1969ರಲ್ಲಿ ವುಡ್‌ಸ್ಟಾಕ್‌ನಲ್ಲಿ ನುಡಿಸಿದ್ದೂ ಸ್ಟ್ರಾಟೊಕಾಸ್ಟರೇ.

ಆದರೆ ಅಷ್ಟು ಹೊತ್ತಿಗೆ ಫೆಂಡರ್ ಕಂಪನಿ ಲಿಯೋ ಫೆಂಡರ್ ಅವರದ್ದಾಗಿರಲಿಲ್ಲ. ವರ್ಷಗಟ್ಟಲೆ ಕಾಡಿದ ಸೋಂಕು ಅವರನ್ನು ಕುಗ್ಗಿಸಿತ್ತು. ತಾನು ಹೆಚ್ಚು ದಿನ ಬದುಕುವುದಿಲ್ಲ ಎಂದುಕೊಂಡು 1965ರ ಜನವರಿಯಲ್ಲಿ ಕಂಪನಿಯನ್ನು ಸಿಬಿಎಸ್ ಎಂಬ ದೊಡ್ಡ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದರು. ಯಂತ್ರ, ಕಟ್ಟಡದ ಜೊತೆಗೆ ಹೆಸರೂ ಹೋಯಿತು. ಆಮೇಲೆ ಒಬ್ಬ ಹೊಸ ವೈದ್ಯರ ಚಿಕಿತ್ಸೆಯಿಂದ ಕಾಯಿಲೆ ವಾಸಿಯಾಯಿತು. ಆರೋಗ್ಯ ವಾಪಸ್ ಬಂತು, ಕೈಗಳಿಗೆ ಕೆಲಸ ಬೇಕಾಯಿತು, ಹೆಸರು ಮಾತ್ರ ಬೇರೆಯವರ ಹತ್ತಿರ. ಇಲ್ಲಿ ಓದುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿದೆ. ಫೆಂಡರ್ ಎಂದು ಬರೆದ ನಮ್ಮ ಗಿಟಾರಿನಲ್ಲಿ ಫೆಂಡರ್ ಇಲ್ಲ. ಫೆಂಡರ್ ಸ್ವತಃ ಮಾಡಿದ ಗಿಟಾರಿಗೆ ಫೆಂಡರ್ ಕಂಪನಿಯ ಹೆಸರು ಹಾಕುವಂತಿಲ್ಲ.

ಅವರು ಗೊಣಗುತ್ತಾ ಕೂರಲಿಲ್ಲ. 1970ರ ದಶಕದಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಗಾಗಿ ಕೆಲಸ ಮಾಡಿದರು. ಎಸ್ತರ್ ತೀರಿಕೊಂಡದ್ದು 1979ರಲ್ಲಿ. ಆ ಹೊತ್ತಿನಲ್ಲೇ, ಎಪ್ಪತ್ತರ ವಯಸ್ಸಿನಲ್ಲಿ, ಹಳೆಯ ಜೊತೆಗಾರ ಜಾರ್ಜ್ ಫುಲ್ಲರ್ಟನ್ ಜೊತೆ ಜಿ ಅಂಡ್ ಎಲ್ ಎಂಬ ಕಂಪನಿ ಕಟ್ಟಿದರು. ಜಾರ್ಜ್ ಮತ್ತು ಲಿಯೋ, ಇಬ್ಬರ ಮೊದಲಕ್ಷರ. ಪಾರ್ಕಿನ್ಸನ್ ಕಾಯಿಲೆ ಬಂದ ಮೇಲೂ ದಿನವೂ ತಮ್ಮ ಕೋಣೆಗೆ ಹೋಗಿ ಪಿಕಪ್, ಸ್ಕ್ರೂಗಳ ನಡುವೆ ಕುಳಿತಿರುತ್ತಿದ್ದರು. 1991ರ ಮಾರ್ಚ್ 21ರಂದು, 81ನೇ ವಯಸ್ಸಿನಲ್ಲಿ ತೀರಿಕೊಂಡರು. ಅತ್ತ ಸಿಬಿಎಸ್ 1985ರಲ್ಲಿ ಫೆಂಡರ್ ಕಂಪನಿಯನ್ನು ಅಲ್ಲಿನ ಅಧಿಕಾರಿಗಳ ಗುಂಪಿಗೇ 1 ಕೋಟಿ 25 ಲಕ್ಷ ಡಾಲರಿಗೆ ಮಾರಿಬಿಟ್ಟಿತ್ತು. ಇಪ್ಪತ್ತು ವರ್ಷ ಇಟ್ಟುಕೊಂಡು, ಕೊಂಡದ್ದಕ್ಕಿಂತ ಕಡಿಮೆಗೆ!

ಮಾಮು ಜೊತೆ ವಾದಿಸಲು ಒಂದು ವಿಷಯ ನಿಜಕ್ಕೂ ಸಿಕ್ಕಿತ್ತು. ಎರಿಕ್ ಕ್ಲಾಪ್ಟನ್ 1970ರಲ್ಲಿ ಹಲವು ಹಳೆಯ ಸ್ಟ್ರಾಟೊಕಾಸ್ಟರ್ ಕೊಂಡು, ಮೂರರ ಒಳ್ಳೆಯ ಭಾಗಗಳನ್ನು ಸೇರಿಸಿ ಒಂದು ಕಪ್ಪು ಗಿಟಾರ್ ಮಾಡಿಸಿಕೊಂಡರು. ಬ್ಲ್ಯಾಕಿ ಎಂದು ಅದರ ಹೆಸರು. 2004ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 9,59,500 ಡಾಲರಿಗೆ ಹೋಯಿತು. ನೋಡಿ, ಇದೂ ಜೋಡಿಸಿದ ಗಿಟಾರೇ ಎಂದು ಮಾಮುಗೆ ತೋರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಆ ಹರಾಜಿಗೆ ಬಂದವರಿಗೆ ಅದು ಮೂರು ಗಿಟಾರಿನದೆಂದು ಮೊದಲೇ ಗೊತ್ತಿತ್ತೋ ಇಲ್ಲವೋ ಎಂದು ಕೇಳಿದರು. ಗೊತ್ತಿತ್ತು ಎಂದು ಒಪ್ಪಿಕೊಳ್ಳಲೇಬೇಕಾಯಿತು. ಸ್ಟಿಕ್ಕರನ್ನು ಬ್ಲೇಡಿನಿಂದ ಕೆರೆದು ತೆಗೆದವನು ನಾನೇ. ಅಂಟಿನ ಕಲೆ ಸ್ವಲ್ಪ ಉಳಿಯಿತು.

ಫೋನಿನಲ್ಲಿ ವಿಷಯ ಹೇಳಿದಾಗ ಆ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆದರೂ ಭಾನುವಾರ ಬಂದ. ಮಾಮು ಅಂಗಡಿಯ ಸ್ಕ್ರೂಡ್ರೈವರ್ ತಂದು ನಾಲ್ಕೂ ಸ್ಕ್ರೂ ಬಿಚ್ಚಿ ನೆಕ್ಕನ್ನು ಹೊರತೆಗೆದು ತೋರಿಸಿದರು, ಯಾವ ಭಾಗ ಎಲ್ಲಿಯದು ಎಂದು ಒಂದೊಂದಾಗಿ ಹೇಳಿದರು. ಒಂದು ಪಿಕಪ್ ಸ್ವಲ್ಪ ಗುಂಯ್‌ಗುಡುತ್ತದೆ ಎಂಬುದನ್ನೂ ಸೇರಿಸಿದರು. ಅದನ್ನು ಬಿಡಬಹುದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಒಂಬತ್ತು ಸಾವಿರದಿಂದ ಶುರುವಾದ ಮಾತು ಒಂಬತ್ತೂವರೆಗೆ ನಿಂತಿತು. ಉಳಿದದ್ದನ್ನು ಮಾಮು ಅಂಗಡಿಯ ಚೀಟಿ ಹಣದಿಂದ ಹೊಂದಿಸಿ ಮರುದಿನವೇ ಆಪಾಳ ಫೀಸ್ ಕಟ್ಟಿದರು.

ನೆಕ್ ಮತ್ತೆ ಕೂಡಿಸುವ ಮೊದಲು ಆ ಹುಡುಗ ತಡೆದ. ಅದರ ಬುಡದಲ್ಲಿ ಏನೂ ಬರೆದಿರಲಿಲ್ಲ, ಬರೀ ಮರ. ಅಲ್ಲಿ ಬರೆದು ಕೊಡಿ ಎಂದು ಮಾಮುವನ್ನು ಕೇಳಿದ. ಮಾಮು ಬಿಲ್ ಬರೆಯುವ ಪೆನ್ಸಿಲಿನಿಂದ ಆ ದಿನದ ತಾರೀಖು, ಕೆಳಗೆ ತಮ್ಮ ಹೆಸರಿನ ಮೊದಲ ಅಕ್ಷರ ಬರೆದು, ನಾಲ್ಕೂ ಸ್ಕ್ರೂ ಬಿಗಿದು ಕೊಟ್ಟರು.